ಔದಾರ್ಯದ ಕಲಿಕೆ ಮತ್ತು ಅದರ ಮಿತಿ: ಡೊರೊತಿ ಡೇ ಅವರ ‘ಲೋವ್ಸ್ ಅಂಡ್ ಫಿಶಸ್’ ಕೃತಿಯ ದೈವಶಾಸ್ತ್ರೀಯ ವಿಮರ್ಶೆ

1. ಪೀಠಿಕೆ

ಸೂರಿಲ್ಲದವರ ನಡುವೆ ಸೇವೆ ಸಲ್ಲಿಸಿ ಬಂದ ಗುರುಅಭ್ಯರ್ಥಿಗಳ ವರದಿಗಳಲ್ಲಿ ಒಂದು ಮಾತು ನಾನಾ ರೂಪಗಳಲ್ಲಿ ಮರಳಿ ಮರಳಿ ಕಾಣಿಸಿಕೊಳ್ಳುತ್ತದೆ: ಕೊಡಲೆಂದು ಹೋದೆವು, ಪಡೆದುಕೊಂಡು ಬಂದೆವು. ಈ ಮಾತು ಸುಳ್ಳಲ್ಲ. ಕ್ರೈಸ್ತ ಸಂಪ್ರದಾಯವೇ ಇದನ್ನು ಅನುಮೋದಿಸುತ್ತದೆ. ಬಡವರಿಂದ ನಾವು ಶುಭಸಂದೇಶವನ್ನು ಕೇಳಿಸಿಕೊಳ್ಳಬೇಕೆಂಬ ಆಶಯವನ್ನು ವಿಶ್ವಗುರು ಫ್ರಾನ್ಸಿಸ್‌ರು 2013ರ ತಮ್ಮ ಪ್ರೇಷಿತ ಪ್ರಬೋಧನೆಯಲ್ಲಿ ಸ್ಪಷ್ಟವಾಗಿ ಮುಂದಿಟ್ಟರು. ಆದರೂ ಈ ಮಾತಿನ ಒಳಗೊಂದು ಅಪಾಯ ಅಡಗಿದೆ. ಚಳಿಯಲ್ಲಿ ನಡುಗುವ ಮನುಷ್ಯನೊಬ್ಬನು ನಮ್ಮ ಸದ್ಗುಣಾಭ್ಯಾಸದ ಪಠ್ಯಪುಸ್ತಕವಾಗಿಬಿಡುವ ಅಪಾಯವದು. ಅವನಿಗೆ ದೊರೆತದ್ದು ಒಂದು ಕಂಬಳಿ, ನಮಗೆ ದೊರೆತದ್ದು ಔದಾರ್ಯದ ಪಾಠ. ಈ ವಿನಿಮಯದಲ್ಲಿ ಹೆಚ್ಚು ಗಳಿಸಿದವರು ಯಾರು?

ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಡೊರೊತಿ ಡೇ ಅವರ ‘ಲೋವ್ಸ್ ಅಂಡ್ ಫಿಶಸ್’ ಕೃತಿಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. 1963ರಲ್ಲಿ ಪ್ರಕಟವಾದ ಈ ಕೃತಿ ನ್ಯೂಯಾರ್ಕ್ ನಗರದ ಕ್ಯಾಥೊಲಿಕ್ ವರ್ಕರ್ ಚಳವಳಿಯ ಮೊದಲ ಮೂರು ದಶಕಗಳ ಕಥನ. ಸ್ವಯಂಸೇವಕರು ನಿರ್ವಸತಿಕರೊಡನೆ ಬದುಕಿ ಕಲಿತದ್ದೇನು ಎಂಬುದನ್ನು ಇಷ್ಟು ನೇರವಾಗಿ, ಇಷ್ಟು ಕಡಿಮೆ ಅಲಂಕಾರದೊಡನೆ ಹೇಳುವ ಕೃತಿಗಳು ವಿರಳ. ನನ್ನ ವಾದ ಇಷ್ಟು: ಔದಾರ್ಯವು ಕೊಡುವವನ ಬಳಿ ಮೊದಲೇ ಇರುವ ಗುಣವಲ್ಲ, ಕೊಡುವವನೆಂಬ ಸ್ಥಾನವನ್ನೇ ಕಳೆದುಕೊಂಡಾಗ ಹುಟ್ಟುವ ಗುಣ ಎಂಬುದನ್ನು ಈ ಕೃತಿ ತೋರಿಸಿಕೊಡುತ್ತದೆ. ಇದು ಅದರ ಸಾಧನೆ. ಆದರೆ ಬಡವನ ಧ್ವನಿಗೆ ಮತ್ತು ನ್ಯಾಯದ ಪ್ರಶ್ನೆಗೆ ಸಲ್ಲಬೇಕಾದ ಸ್ಥಾನವನ್ನು ಅದು ಪೂರ್ಣವಾಗಿ ಸಲ್ಲಿಸುವುದಿಲ್ಲ. ಇದು ಅದರ ಮಿತಿ.

2. ಕೃತಿಯ ಹಿನ್ನೆಲೆ

ಡೊರೊತಿ ಡೇ 1897ರಲ್ಲಿ ಬ್ರೂಕ್ಲಿನ್‌ನಲ್ಲಿ ಜನಿಸಿದರು. ಎಡಪಂಥೀಯ ಪತ್ರಿಕೆಗಳಲ್ಲಿ ದುಡಿದು, ಕಾರ್ಮಿಕರ ಹೋರಾಟಗಳನ್ನು ಹತ್ತಿರದಿಂದ ಕಂಡು, 1927ರಲ್ಲಿ ಕಥೋಲಿಕ ಧರ್ಮಸಭೆಯಲ್ಲಿ ದೀಕ್ಷಾಸ್ನಾನ ಪಡೆದರು. 1932ರ ಡಿಸೆಂಬರ್‌ನಲ್ಲಿ ಅವರಿಗೆ ಪೀಟರ್ ಮೌರಿನ್ ಎಂಬ ಫ್ರೆಂಚ್ ರೈತಮೂಲದ ಚಿಂತಕರ ಪರಿಚಯವಾಯಿತು. ಮಹಾ ಆರ್ಥಿಕ ಕುಸಿತದ ನಡುವೆ, 1933ರ ಮೇ 1ರಂದು, ಯೂನಿಯನ್ ಸ್ಕ್ವೇರ್‌ನಲ್ಲಿ ನೆರೆದಿದ್ದ ಕಾರ್ಮಿಕರ ನಡುವೆ ‘ದಿ ಕ್ಯಾಥೊಲಿಕ್ ವರ್ಕರ್’ ಪತ್ರಿಕೆಯ ಮೊದಲ ಸಂಚಿಕೆ ಮಾರಾಟವಾಯಿತು. ಅಚ್ಚಾದ ಪ್ರತಿಗಳು 2,500, ಬೆಲೆ ಒಂದು ಸೆಂಟ್. ಕೆಲವೇ ವರ್ಷಗಳಲ್ಲಿ ಪ್ರಸಾರವು ಒಂದು ಲಕ್ಷವನ್ನು ದಾಟಿತು.

ಮೌರಿನ್‌ರ ಯೋಜನೆಗೆ ಮೂರು ಅಂಗಗಳಿದ್ದವು: ಚಿಂತನೆಯ ಸ್ಪಷ್ಟತೆಗಾಗಿ ದುಂಡುಮೇಜಿನ ಚರ್ಚೆಗಳು, ನಿರ್ಗತಿಕರಿಗಾಗಿ ಅತಿಥಿಗೃಹಗಳು, ಭೂಮಿಗೆ ಮರಳುವವರಿಗಾಗಿ ಕೃಷಿ ಸಮುದಾಯಗಳು. ಇವುಗಳಲ್ಲಿ ಎರಡನೆಯದು ಚಳವಳಿಯ ಮುಖವಾಯಿತು. ಮಾಟ್ ಸ್ಟ್ರೀಟ್, ಕ್ರಿಸ್ಟಿ ಸ್ಟ್ರೀಟ್ ಮುಂತಾದೆಡೆಗಳ ಹಳೆಯ ಮನೆಗಳಲ್ಲಿ ಕಾಫಿ, ರೊಟ್ಟಿ, ಸೂಪು ಹಂಚಿಕೆಯಾಗುತ್ತಿತ್ತು. ಬವೆರಿಯ ಬೀದಿಬದಿಯಲ್ಲಿ ಮಲಗುವ ಗಂಡಸರು ಮುಂಜಾನೆಯೇ ಸಾಲುಗಟ್ಟುತ್ತಿದ್ದರು. ಸ್ವಯಂಸೇವಕರಿಗೆ ಸಂಬಳವಿರಲಿಲ್ಲ. ಅತಿಥಿಗಳು ಉಂಡದ್ದನ್ನೇ ಉಂಡು, ಅವರಿಗೆ ಬಂದ ಬಟ್ಟೆಗಳ ರಾಶಿಯಿಂದಲೇ ತಮ್ಮ ಉಡುಪನ್ನು ಆರಿಸಿಕೊಂಡು, ಅವರೊಡನೆ ಒಂದೇ ಮಾಡಿನಡಿ ಮಲಗುತ್ತಿದ್ದರು.

ಡೊರೊತಿಯವರ 1952ರ ಆತ್ಮಕಥನ ‘ದಿ ಲಾಂಗ್ ಲೋನ್ಲಿನೆಸ್’ ಒಬ್ಬ ವ್ಯಕ್ತಿಯ ಮನಪರಿವರ್ತನೆಯ ಕಥೆಯಾದರೆ, ಹನ್ನೊಂದು ವರ್ಷಗಳ ಬಳಿಕ ಬಂದ ಈ ಕೃತಿ ಒಂದು ಮನೆಯ ಕಥೆ. ಆ ಮನೆಗೆ ಬಂದವರು, ಹೋದವರು, ಜಗಳವಾಡಿದವರು, ಕುಡಿದು ಬಿದ್ದವರು, ಆಲೂಗಡ್ಡೆ ಸುಲಿದವರು ಇಲ್ಲಿ ತುಂಬಿಕೊಂಡಿದ್ದಾರೆ. ಡೊರೊತಿ 1980ರಲ್ಲಿ ನಿಧನರಾದರು. 2000ರಲ್ಲಿ ಅವರನ್ನು ದೇವರ ಸೇವಕಿ ಎಂದು ಹೆಸರಿಸಲಾಯಿತು. ಬಲಿಪೀಠದ ಗೌರವದತ್ತ ಸಾಗಿರುವ ವ್ಯಕ್ತಿಯ ಕೃತಿಯನ್ನು ವಿಮರ್ಶೆಯ ಕಣ್ಣಿನಿಂದ ಓದಲು ಹಲವರು ಹಿಂಜರಿಯುವುದುಂಟು. ಆದರೆ ವಿಮರ್ಶೆಯಿಲ್ಲದ ಭಕ್ತಿ ಆಕೆಗೆ ಇಷ್ಟವಾಗುತ್ತಿರಲಿಲ್ಲವೆಂಬುದು ಅವರ ಬರಹವನ್ನು ಬಲ್ಲವರಿಗೆ ತಿಳಿದ ಸಂಗತಿ.

3. ಶೀರ್ಷಿಕೆಯ ದೈವಶಾಸ್ತ್ರ

ರೊಟ್ಟಿ ಮತ್ತು ಮೀನುಗಳೆಂಬ ಹೆಸರು ಶುಭಸಂದೇಶದ ಆಯ್ಕೆ. ನಾಲ್ವರು ಶುಭಸಂದೇಶಕರ್ತರೂ ದಾಖಲಿಸಿರುವ ಅದ್ಭುತ ಕಾರ್ಯವಿದು. ಸಾಮಾನ್ಯವಾಗಿ ನಮ್ಮ ಪ್ರಬೋಧನೆಗಳಲ್ಲಿ ಎರಡು ಕಡೆಗೆ ಗಮನ ಹೋಗುತ್ತದೆ: ಯೇಸುಸ್ವಾಮಿಯ ಮಹಿಮೆ ಮತ್ತು ಜನರ ತೃಪ್ತಿ. ಡೊರೊತಿಯವರ ಕೃತಿ ಮೂರನೆಯ ಕಡೆಗೆ, ಅಂದರೆ ಹಂಚುವವರ ಕಡೆಗೆ, ನಮ್ಮ ಗಮನವನ್ನು ಸೆಳೆಯುತ್ತದೆ. ಸಂಜೆಯಾಯಿತು, ಜನರನ್ನು ಕಳುಹಿಸಿಬಿಡೋಣ ಎಂಬುದು ಶಿಷ್ಯರ ಸಲಹೆ. ಆ ಸಲಹೆ ನಿರ್ದಯವಾದದ್ದಲ್ಲ, ವಿವೇಕಯುತವಾದದ್ದೇ. ಆದರೆ ಪ್ರಭು ಅದನ್ನು ಒಪ್ಪದೆ, ಊಟ ಕೊಡುವ ಹೊಣೆಯನ್ನು ಅವರ ಮೇಲೆಯೇ ಹೊರಿಸುತ್ತಾರೆ. ಕೊಡಲು ಅವರಲ್ಲಿ ಏನೂ ಇಲ್ಲ ಎಂಬುದು ಅವರಿಗೆ ಮನವರಿಕೆಯಾದ ಮೇಲೆಯೇ ಹಂಚಿಕೆ ಆರಂಭವಾಗುತ್ತದೆ. ಅವರು ಹಂಚಿದ ರೊಟ್ಟಿ ಅವರದಲ್ಲ. ಯೊವಾನ್ನನ ಪ್ರಕಾರ ಅದು ಒಬ್ಬ ಹುಡುಗನ ಬುತ್ತಿ, ಅದೂ ಬಡವರ ಧಾನ್ಯವಾದ ಜವೆಯ ರೊಟ್ಟಿ.

ಈ ಕ್ರಮವನ್ನು ಗಮನಿಸಬೇಕು. ಸ್ವಯಂಸೇವಕನು ದಾನಿಯಲ್ಲ, ಹಂಚುವವನು. ರೊಟ್ಟಿ ಅವನ ಕೈಯಿಂದ ಹೊರಡುವುದಿಲ್ಲ, ಅವನ ಕೈಯ ಮೂಲಕ ಹಾದುಹೋಗುತ್ತದೆ. ಡೊರೊತಿಯವರ ಕಥನದ ಉದ್ದಕ್ಕೂ ಇದೇ ಕ್ರಮವಿದೆ. ಮನೆಯ ಬೊಕ್ಕಸ ಬರಿದಾಗಿರುತ್ತದೆ, ಬಾಡಿಗೆ ಬಾಕಿಯಿರುತ್ತದೆ, ಸಂತ ಜೋಸೆಫರ ಮೊರೆಹೊಗುತ್ತಾರೆ, ಎಲ್ಲಿಂದಲೋ ಒಂದು ಚೆಕ್ಕು ಬರುತ್ತದೆ. ವರ್ಷಕ್ಕೆರಡು ಬಾರಿ ಪತ್ರಿಕೆಯಲ್ಲಿ ಮನವಿ ಪ್ರಕಟವಾಗುತ್ತದೆ, ಅಷ್ಟೇ. ಈ ಅನಿಶ್ಚಿತತೆಯು ಆಡಳಿತದ ದೋಷವಲ್ಲ, ಸ್ವಯಂಪ್ರೇರಿತ ಬಡತನದ ಅವಿಭಾಜ್ಯ ಅಂಗವೆಂದು ಆಕೆ ಪ್ರತಿಪಾದಿಸುತ್ತಾರೆ. ನಾಳೆಯ ಭದ್ರತೆಯಿರುವವನು ಇಂದು ಕೊಡುವುದಕ್ಕೂ ನಾಳೆಯ ಭದ್ರತೆಯಿಲ್ಲದವನು ಇಂದು ಕೊಡುವುದಕ್ಕೂ ಇರುವ ಅಂತರವನ್ನು ಕಾಣಿಕೆಪೆಟ್ಟಿಗೆಯ ಎದುರು ಕುಳಿತ ಪ್ರಭುವೂ ಗುರುತಿಸಿದ್ದರು.

ಸಂತ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟು, ಒಂಬತ್ತನೆಯ ಅಧ್ಯಾಯಗಳಲ್ಲಿ ಔದಾರ್ಯಕ್ಕೆ ಬಳಸುವ ಗ್ರೀಕ್ ಪದ ‘ಹಪ್ಲೊತೇಸ್’. ಅದರ ಮೂಲಾರ್ಥ ಸರಳತೆ, ಎರಡು ಮನಸ್ಸಿಲ್ಲದಿರುವಿಕೆ. ಕೊಡುವ ಕೈ ಮತ್ತು ಲೆಕ್ಕ ಹಾಕುವ ಕೈ ಬೇರೆಬೇರೆಯಾಗದಿರುವ ಸ್ಥಿತಿಯದು. ಪೌಲನು ಇದಕ್ಕೆ ಮಾದರಿಯಾಗಿ ತೋರಿಸುವುದು ಸಿರಿವಂತ ಕೊರಿಂಥವನ್ನಲ್ಲ, ಕಡುಬಡತನದ ಮಕೆದೋನಿಯದ ಸಭೆಗಳನ್ನು. ಔದಾರ್ಯದ ಗುರುಗಳು ಬಡವರೇ ಎಂಬ ಮಾತಿಗೆ ಇಲ್ಲಿ ಪ್ರೇಷಿತನ ಆಧಾರವಿದೆ. ಆದರೆ ಪೌಲನ ಮಾತಿನಲ್ಲಿ ಮಕೆದೋನಿಯದವರು ಕೊಡುವವರಾಗಿದ್ದರು, ಇತರರ ಔದಾರ್ಯಕ್ಕೆ ನಿಮಿತ್ತ ಮಾತ್ರವಾಗಿರಲಿಲ್ಲ. ಈ ವ್ಯತ್ಯಾಸವನ್ನು ಮುಂದೆ ಮತ್ತೆ ನೋಡೋಣ.

4. ಔದಾರ್ಯದ ಮೂರು ಪಾಠಗಳು

ಕೃತಿಯು ಸಿದ್ಧಾಂತವನ್ನು ಮಂಡಿಸುವುದಿಲ್ಲ, ಪ್ರಸಂಗಗಳನ್ನು ಹೇಳುತ್ತದೆ. ಅವುಗಳಿಂದ ಮೂರು ಪಾಠಗಳನ್ನು ಬೇರ್ಪಡಿಸಿ ನೋಡಬಹುದು.

ಮೊದಲನೆಯದು, ಕೊಡುವವನು ಮತ್ತು ಪಡೆಯುವವನ ನಡುವಣ ಗೆರೆ ಅಳಿಸಿಹೋಗುವುದು. 1956ರಲ್ಲಿ, ಮನೆಯು ಅಗ್ನಿಸುರಕ್ಷತೆಯ ನಿಯಮಗಳಿಗೆ ಅನುಗುಣವಾಗಿಲ್ಲವೆಂದು ನ್ಯಾಯಾಲಯವು ಡೊರೊತಿಯವರಿಗೆ 250 ಡಾಲರ್ ದಂಡ ವಿಧಿಸಿತು. ನ್ಯಾಯಾಲಯಕ್ಕೆ ಹೊರಟಾಗ ಬಾಗಿಲ ಬಳಿ ಬಟ್ಟೆಗಾಗಿ ಕಾದಿದ್ದವರ ನಡುವಿನಿಂದ, ಅವರಂತೆಯೇ ಮಾಸಿದ ಉಡುಪಿನ ಒಬ್ಬರು ಮುಂದೆ ಬಂದು, ದಂಡಕ್ಕೆ ತಮ್ಮದೂ ಒಂದು ಪಾಲು ಎಂಬಂತೆ ಚೀಟಿಯೊಂದನ್ನು ಕೈಗಿತ್ತರು. ಎರಡೂವರೆ ಡಾಲರ್ ಇರಬಹುದೆಂದು ಭಾವಿಸಿದ ಡೊರೊತಿ, ಆಮೇಲೆ ನೋಡಿದರೆ ಅದು ಪೂರ್ತಿ 250 ಡಾಲರಿನ ಚೆಕ್ಕು. ಕೊಟ್ಟವರು ಕವಿ ಡಬ್ಲ್ಯು. ಎಚ್. ಆಡೆನ್. ಪೀಟರ್ ಮೌರಿನ್‌ರ ಕಥೆಯೂ ಇಂಥದೇ. ಅತಿಥಿಯಾಗಿ ಆಹ್ವಾನಿತರಾಗಿ ಹೋದ ಮನೆಯಲ್ಲಿ ಅವರ ವೇಷ ಕಂಡು ಕೊಳಾಯಿ ರಿಪೇರಿಯವನೆಂದು ನೆಲಮಾಳಿಗೆಗೆ ಕಳುಹಿಸಿದರು, ಅವರು ಸುಮ್ಮನೆ ಹೋಗಿ ಕುಳಿತರು. 1949ರಲ್ಲಿ ತೀರಿಕೊಂಡಾಗ ಮೌರಿನ್‌ರಿಗೆ ತೊಡಿಸಿದ್ದು ಯಾರೋ ದಾನವಿತ್ತ ಸೂಟು, ಮಣ್ಣು ಮಾಡಿದ್ದು ಯಾರೋ ದಾನವಿತ್ತ ಸಮಾಧಿಸ್ಥಳದಲ್ಲಿ. ಕೊಡುವುದನ್ನು ಕಲಿಸಿದವರು ಕೊನೆಗೆ ಪಡೆಯುವವರಾಗಿಯೇ ಹೊರಟರು.

ಎರಡನೆಯದು, ಬೇಡವಾದದ್ದನ್ನು ಮರಳಿಸುವ ಧೈರ್ಯ. ಕ್ರಿಸ್ಟಿ ಸ್ಟ್ರೀಟಿನ ಮನೆಯನ್ನು ಸುರಂಗ ರೈಲಿನ ಕೆಲಸಕ್ಕಾಗಿ ನಗರಾಡಳಿತವು ಸ್ವಾಧೀನಪಡಿಸಿಕೊಂಡು 68,700 ಡಾಲರ್ ಪರಿಹಾರವನ್ನೂ, ಪಾವತಿ ತಡವಾದುದಕ್ಕೆ 3,579 ಡಾಲರ್ 39 ಸೆಂಟ್ ಬಡ್ಡಿಯನ್ನೂ ಕೊಟ್ಟಿತು. 1960ರಲ್ಲಿ ಡೊರೊತಿ ಬಡ್ಡಿಯನ್ನಷ್ಟೇ ನಗರಕ್ಕೆ ಹಿಂದಿರುಗಿಸಿದರು. ಬಡ್ಡಿಯ ಕುರಿತಾದ ಧರ್ಮಸಭೆಯ ಪ್ರಾಚೀನ ಬೋಧನೆಯನ್ನು ಆಕೆ ಅಕ್ಷರಶಃ ಸ್ವೀಕರಿಸಿದ್ದರು. ಆ ಹಣದಿಂದ ಎಷ್ಟು ದಿನಗಳ ಸೂಪು ಆಗುತ್ತಿತ್ತೆಂದು ಲೆಕ್ಕ ಹಾಕಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಕನ್ನಡದ ಓದುಗರಿಗೆ ಇಲ್ಲಿ ಆಯ್ದಕ್ಕಿ ಲಕ್ಕಮ್ಮ ನೆನಪಾಗದಿರಲಾರಳು. ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನಿಗೆ, ಹೆಚ್ಚಿನದನ್ನು ಬಿದ್ದಿದ್ದ ಅಂಗಳದಲ್ಲೇ ಸುರಿದು ಬರುವಂತೆ ಆಕೆ ಹೇಳಿದಳೆಂಬ ಕಥೆ ನಮ್ಮ ನಾಡಿನ ಮನೆಮನೆಯದು. ದಾಸೋಹಕ್ಕೆಂದೇ ತಂದ ಅಕ್ಕಿಯನ್ನೂ ಅಳತೆ ಮೀರಿದರೆ ಒಪ್ಪದ ಆ ಶರಣೆಗೂ, ಬಡವರಿಗೆಂದೇ ಬಂದ ಹಣವನ್ನೂ ಮೂಲ ಶುದ್ಧವಲ್ಲವೆಂದು ಮರಳಿಸಿದ ಈ ಕ್ರೈಸ್ತ ಮಹಿಳೆಗೂ ಕಾಲ, ದೇಶ, ಧರ್ಮಗಳ ಅಂತರವಿದೆ. ಆದರೆ ಇಬ್ಬರೂ ಒಂದು ಸಂಗತಿಯನ್ನು ಬಲ್ಲರು: ಒಳ್ಳೆಯ ಉದ್ದೇಶವು ಗಳಿಕೆಯ ಮಾರ್ಗವನ್ನು ಶುದ್ಧೀಕರಿಸುವುದಿಲ್ಲ. ‘ದಾನ’ದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ. ‘ದಾಸೋಹ’ದಲ್ಲಿ ನಾನು ದಾಸನೆಂಬ ನುಡಿಯೇ ಪದದೊಳಗಿದೆ. ಕ್ಯಾಥೊಲಿಕ್ ವರ್ಕರ್ ಮನೆಗಳಲ್ಲಿ ನಡೆದದ್ದನ್ನು ಕನ್ನಡದಲ್ಲಿ ಹೇಳಲು ದಾನಕ್ಕಿಂತ ದಾಸೋಹವೇ ಹತ್ತಿರದ ಪದ.

ಮೂರನೆಯದು, ಕೊಟ್ಟದ್ದರ ಮೇಲಿನ ಹಿಡಿತವನ್ನು ಬಿಡುವುದು. ಇದಕ್ಕೆ ಅತ್ಯುತ್ತಮ ನಿದರ್ಶನ ಆಕೆಯ ಜೊತೆ ಕೆಲಸ ಮಾಡಿದ್ದ, ಮುಂದೆ ಆಕೆಯ ಜೀವನಚರಿತ್ರೆಯನ್ನೂ ಬರೆದ ಜಿಮ್ ಫಾರೆಸ್ಟ್ ಹೇಳುವ ವಜ್ರದುಂಗುರದ ಪ್ರಸಂಗ. ಸಿರಿವಂತ ಮಹಿಳೆಯೊಬ್ಬಳು ಕಾಣಿಕೆಯಾಗಿತ್ತ ಉಂಗುರವನ್ನು ಡೊರೊತಿ, ಮನೆಗೆ ಬರುತ್ತಿದ್ದ ಸದಾ ಗೊಣಗುವ ವೃದ್ಧೆಯೊಬ್ಬಳಿಗೆ ಕೊಟ್ಟುಬಿಟ್ಟರು. ಮಾರಿದ್ದರೆ ಆಕೆಗೆ ದೀರ್ಘಕಾಲದ ಬಾಡಿಗೆಯಾಗುತ್ತಿತ್ತಲ್ಲ ಎಂದು ಸಹಾಯಕರು ಆಕ್ಷೇಪಿಸಿದಾಗ, ಮಾರುವುದೋ ತೊಡುವುದೋ ಅದು ಆಕೆಗೆ ಬಿಟ್ಟದ್ದು, ವಜ್ರಗಳನ್ನು ದೇವರು ಸಿರಿವಂತರಿಗಾಗಿ ಮಾತ್ರ ಸೃಷ್ಟಿಸಿದರೇ ಎಂಬರ್ಥದ ಉತ್ತರ ಬಂತು. ಬೆಥಾನಿಯದಲ್ಲಿ ಸುಗಂಧ ತೈಲವನ್ನು ಸುರಿದಾಗ ಎದ್ದ ಆಕ್ಷೇಪವೂ ಇದೇ ಬಗೆಯದು ಎಂಬುದನ್ನು ಮರೆಯಬಾರದು. ಬಡವನಿಗೆ ಏನು ಬೇಕೆಂಬುದನ್ನು ನಿರ್ಧರಿಸುವ ಅಧಿಕಾರವನ್ನು ಕೈಯಲ್ಲಿಟ್ಟುಕೊಂಡೇ ಕೊಡುವುದು ಅರ್ಧ ಕೊಡುಗೆ. ನಾವು ವಸ್ತುವನ್ನು ಕೊಡುತ್ತೇವೆ, ಆಯ್ಕೆಯನ್ನು ಕೊಡುವುದಿಲ್ಲ.

ಈ ಮೂರನ್ನೂ ಸಂತ ಥಾಮಸ್ ಅಕ್ವಿನಾಸರ ಚೌಕಟ್ಟಿನಲ್ಲಿ ಇಟ್ಟು ನೋಡುವುದು ಉಪಯುಕ್ತ. ‘ಸುಮ್ಮಾ’ದ ಎರಡನೆಯ ಭಾಗದ ಎರಡನೆಯ ವಿಭಾಗದಲ್ಲಿ ಅವರು ಭಿಕ್ಷಾದಾನವನ್ನು ಕರುಣೆಯ ಮೂಲಕ ಹೊಮ್ಮುವ ದೈವಿಕ ಪ್ರೀತಿಯ ಕ್ರಿಯೆಯೆಂದು 32ನೆಯ ಪ್ರಶ್ನೆಯಲ್ಲಿ ವಿವರಿಸುತ್ತಾರೆ. ಔದಾರ್ಯವೆಂಬ ಸದ್ಗುಣವನ್ನು ಅದರಿಂದ ದೂರದಲ್ಲಿ, 117ನೆಯ ಪ್ರಶ್ನೆಯಲ್ಲಿ, ಹಣದ ಮೇಲಿನ ಆಸೆಯನ್ನು ಹದಗೊಳಿಸುವ ಗುಣವಾಗಿ ಚರ್ಚಿಸುತ್ತಾರೆ. ಅಂದರೆ ಔದಾರ್ಯವು ಕೊಡುವವನ ಒಳಗಿನ ಅಂಟನ್ನು ಸಡಿಲಿಸುತ್ತದೆ, ಪ್ರೀತಿಯು ಎದುರಿನ ವ್ಯಕ್ತಿಯನ್ನು ತಲುಪುತ್ತದೆ. ಮೊದಲನೆಯದಷ್ಟೇ ನಡೆದರೆ ಕೊಡುವವನು ಹಗುರಾಗುತ್ತಾನೆ, ಪಡೆಯುವವನು ಅಪರಿಚಿತನಾಗಿಯೇ ಉಳಿಯುತ್ತಾನೆ. ಡೊರೊತಿಯವರ ಮನೆಗಳಲ್ಲಿ ಎರಡೂ ಒಟ್ಟಿಗೆ ನಡೆದವು, ಏಕೆಂದರೆ ಅಲ್ಲಿ ಹಂಚಿಕೆಯ ವೇಳೆ ಮುಗಿದ ಮೇಲೂ ಸ್ವಯಂಸೇವಕನು ಮನೆಗೆ ಹೋಗುತ್ತಿರಲಿಲ್ಲ. ಅವನ ಮನೆಯೇ ಅದಾಗಿತ್ತು.

5. ಕ್ರಿಸ್ತನನ್ನು ಕಾಣುವುದು, ಮನುಷ್ಯನನ್ನು ಕಾಣುವುದು

ಕೃತಿಯ ಆಧಾರಸ್ತಂಭ ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯ. ಹಸಿದವನಲ್ಲಿ, ಪರದೇಶಿಯಲ್ಲಿ ಕ್ರಿಸ್ತನೇ ಇದ್ದಾರೆಂಬ ವಿಶ್ವಾಸ ಪ್ರತಿ ಪುಟದಲ್ಲೂ ಉಸಿರಾಡುತ್ತದೆ. ಸಂತ ಬೆನೆಡಿಕ್ಟರ ನಿಯಮಾವಳಿಯ 53ನೆಯ ಅಧ್ಯಾಯವು ಅತಿಥಿಯನ್ನು ಕ್ರಿಸ್ತನಂತೆ ಬರಮಾಡಿಕೊಳ್ಳಲು ವಿಧಿಸುತ್ತದೆ. ಸಂತ ಜಾನ್ ಕ್ರಿಸೊಸ್ತೊಮರು ಪ್ರೇಷಿತರ ಕಾರ್ಯಕಲಾಪಗಳ ಮೇಲಿನ 45ನೆಯ ಪ್ರಬೋಧನೆಯಲ್ಲಿ, ಧರ್ಮಸಭೆಗೆ ಛತ್ರವಿದೆಯಲ್ಲ ಎಂದು ನುಣುಚಿಕೊಳ್ಳುವವರನ್ನು ತರಾಟೆಗೆ ತೆಗೆದುಕೊಂಡು, ಪ್ರತಿ ಮನೆಯಲ್ಲೂ ಕ್ರಿಸ್ತನಿಗಾಗಿ ಒಂದು ಕೋಣೆಯನ್ನು ಮೀಸಲಿಡಲು ಕರೆಕೊಡುತ್ತಾರೆ. ಮೌರಿನ್ ಮತ್ತು ಡೊರೊತಿ ‘ಕ್ರಿಸ್ತನ ಕೋಣೆ’ಯ ಕುರಿತು ಮಾತನಾಡಿದಾಗ ಈ ಪ್ರಾಚೀನ ಧ್ವನಿಯನ್ನೇ ಮರುಕಳಿಸುತ್ತಿದ್ದರು. ಸೇವೆಯನ್ನು ಸಂಸ್ಥೆಗೆ ವಹಿಸಿ ಮನಸ್ಸಾಕ್ಷಿಯನ್ನು ಖಾಲಿ ಮಾಡಿಕೊಳ್ಳುವ ಚಾಳಿ ನಾಲ್ಕನೆಯ ಶತಮಾನದಷ್ಟು ಹಳೆಯದೆಂಬುದು ಗಮನಾರ್ಹ.

ಆದರೆ ಇಲ್ಲಿಯೇ ಒಂದು ಪ್ರಶ್ನೆಯನ್ನು ಎತ್ತಬೇಕು. ಮತ್ತಾಯನ ಆ ದೃಶ್ಯದಲ್ಲಿ ನೀತಿವಂತರು ಕ್ರಿಸ್ತನನ್ನು ಗುರುತಿಸಿರಲಿಲ್ಲ. ತಾವು ಯಾವಾಗ ಅವರನ್ನು ಕಂಡೆವೆಂದು ಅಚ್ಚರಿಯಿಂದ ಕೇಳುತ್ತಾರೆ. ‘ಅತ್ಯಲ್ಪರಾದ ಸಹೋದರರು’ ಯಾರೆಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಎಲ್ಲ ಬಡವರೆಂದು ಹಲವರು, ಕ್ರಿಸ್ತನ ಶಿಷ್ಯರಾದ ಪ್ರೇಷಕರೆಂದು ಕೆಲವರು. ಯಾವ ವ್ಯಾಖ್ಯಾನವನ್ನು ಹಿಡಿದರೂ ನೀತಿವಂತರ ಆ ಅರಿವಿಲ್ಲದಿರುವಿಕೆ ಮಾತ್ರ ಪಠ್ಯದಲ್ಲಿ ಸ್ಥಿರವಾಗಿದೆ. ಅವರು ಹಸಿದವನಿಗೆ ಉಣಬಡಿಸಿದ್ದು ಅವನು ಹಸಿದಿದ್ದಕ್ಕಾಗಿ. ಕ್ರಿಸ್ತನನ್ನು ಕಾಣಲೆಂದೇ ಬಡವನ ಬಳಿಗೆ ಹೋಗುವವನು ಬಡವನ ಮುಖವನ್ನು ದಾಟಿ ಬೇರೊಂದನ್ನು ಹುಡುಕುತ್ತಿರಬಹುದು. ಆಗ ಆ ಮನುಷ್ಯನ ಹೆಸರು, ಊರು, ಅವನ ಕೋಪ, ಅವನು ಇಷ್ಟಪಡುವ ಹಾಡು ಇವೆಲ್ಲ ಪಾರದರ್ಶಕ ಗಾಜಾಗಿಬಿಡುತ್ತವೆ.

ಡೊರೊತಿ ಈ ಅಪಾಯವನ್ನು ಬಹುಮಟ್ಟಿಗೆ ದಾಟಿರುವುದು ಸಿದ್ಧಾಂತದಿಂದಲ್ಲ, ಸ್ವಭಾವದಿಂದ. ಪತ್ರಕರ್ತೆಯ ಕಣ್ಣು ಅವರಿಗೆ ಮನುಷ್ಯರನ್ನು ಮನುಷ್ಯರನ್ನಾಗಿಯೇ ತೋರಿಸುತ್ತದೆ. ಅವರ ಅತಿಥಿಗಳು ಸಂತರಲ್ಲ. ಕದಿಯುತ್ತಾರೆ, ಬೈಯುತ್ತಾರೆ, ಸ್ವಯಂಸೇವಕರನ್ನು ಗೇಲಿ ಮಾಡುತ್ತಾರೆ. ಕನಸಿನ ಪ್ರೀತಿಗೂ ಕೃತಿಯ ಪ್ರೀತಿಗೂ ಇರುವ ಕಠೋರ ಅಂತರವನ್ನು ಕುರಿತ ದೊಸ್ತೊಯೆವ್‌ಸ್ಕಿಯ ಜೊಸಿಮಾ ಗುರುವಿನ ಮಾತು ಆಕೆಗೆ ಪ್ರಿಯವಾಗಿದ್ದುದು ಇದರಿಂದಲೇ. ನರದೇಹಧಾರಣೆಯ ದೈವಶಾಸ್ತ್ರವೂ ಇದನ್ನೇ ಹೇಳುತ್ತದೆ: ಕ್ರಿಸ್ತನಲ್ಲಿ ದೈವಸ್ವಭಾವವು ಮಾನವಸ್ವಭಾವವನ್ನು ಅಳಿಸಿಹಾಕಲಿಲ್ಲ. ಹಾಗೆಯೇ ಬಡವನಲ್ಲಿನ ಕ್ರಿಸ್ತನ ಸಾನ್ನಿಧ್ಯವು ಆ ಬಡವನ ವ್ಯಕ್ತಿತ್ವವನ್ನು ಅಳಿಸಕೂಡದು.

6. ಕೃತಿಯ ಎರಡು ಕೊರತೆಗಳು

ಮೊದಲ ಕೊರತೆ ಧ್ವನಿಯದು. ಅತಿಥಿಗಳನ್ನು ನಾವು ಈ ಕೃತಿಯಲ್ಲಿ ಧಾರಾಳವಾಗಿ ನೋಡುತ್ತೇವೆ, ಕಡಿಮೆಯಾಗಿ ಕೇಳುತ್ತೇವೆ. ಅವರ ಕುರಿತು ಹೇಳುವವರು ಯಾವಾಗಲೂ ಡೊರೊತಿ. ವಿಪರ್ಯಾಸವೆಂದರೆ, ಮೊದಲ ಅತಿಥಿಗೃಹ ಹುಟ್ಟಿದ್ದೇ ಅಂಥ ಒಂದು ಧ್ವನಿಯಿಂದ. ಪತ್ರಿಕೆಯಲ್ಲಿ ಅತಿಥಿಗೃಹಗಳ ಬಗ್ಗೆ ಓದಿ, ಸೂರಿಲ್ಲದ ಮಹಿಳೆಯೊಬ್ಬಳು ಆಸರೆ ಕೇಳಿ ಬಂದಳು. ಅಂಥ ಮನೆ ಇನ್ನೂ ಇಲ್ಲವೆಂದು ತಿಳಿದಾಗ, ಮಾಡಲಾಗದ್ದನ್ನು ಬರೆಯುವುದಾದರೂ ಏಕೆಂದು ಪ್ರಶ್ನಿಸಿದಳು. ಆ ಪ್ರಶ್ನೆಯ ಬೆನ್ನಿಗೇ ಬಾಡಿಗೆಗೆ ಮನೆ ಹಿಡಿಯಲಾಯಿತು. ನನ್ನ ಓದಿನಲ್ಲಿ ಕೃತಿಯ ಅತ್ಯಂತ ಮಹತ್ವದ ದೈವಶಾಸ್ತ್ರೀಯ ಮಾತು ಈ ಹೆಸರಿಲ್ಲದ ಮಹಿಳೆಯದು. ಮೌರಿನ್‌ರ ಸಿದ್ಧಾಂತವನ್ನು ಕಾರ್ಯಕ್ಕಿಳಿಸಿದವಳು ಅವಳು. ಆದರೂ ಆಕೆ ಪ್ರಸಂಗವಾಗಿ ಬಂದುಹೋಗುತ್ತಾಳೆ, ಸ್ಥಾಪಕಿಯಾಗಿ ಗುರುತಿಸಲ್ಪಡುವುದಿಲ್ಲ. ಮಕೆದೋನಿಯದವರು ಪೌಲನ ಪತ್ರದಲ್ಲಿ ಕೊಡುವವರಾಗಿ ಎದ್ದುನಿಲ್ಲುವಂತೆ ಆಕೆಯೂ ನಿಲ್ಲಬೇಕಿತ್ತು. ಸಾಲಿನಲ್ಲಿ ನಿಂತು ಬಂದವರೇ ಮುಂದೆ ಅಡುಗೆಯವರಾಗಿ, ಪತ್ರಿಕೆ ಮಡಚುವವರಾಗಿ, ಮನೆಯ ಆಧಾರವಾದ ಸಂಗತಿಯನ್ನು ಡೊರೊತಿ ಕೃತಜ್ಞತೆಯಿಂದ ದಾಖಲಿಸುತ್ತಾರೆ. ಆದರೆ ಅದರ ಅರ್ಥವನ್ನು ಪೂರ್ಣವಾಗಿ ಬಿಡಿಸುವುದಿಲ್ಲ.

ಎರಡನೆಯ ಕೊರತೆ ನ್ಯಾಯದ್ದು. ಡೊರೊತಿ ಯುದ್ಧವನ್ನೂ ಬಂಡವಾಳಶಾಹಿಯನ್ನೂ ಖಂಡಿಸಿ ಪದೇ ಪದೇ ಸೆರೆಮನೆ ಕಂಡವರು. ಅವರಿಗೆ ವ್ಯವಸ್ಥೆಯ ಅನ್ಯಾಯ ತಿಳಿದಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಪರಿಹಾರದ ವಿಷಯಕ್ಕೆ ಬಂದಾಗ ಅವರ ವ್ಯಕ್ತಿವಾದವು ಪ್ರಭುತ್ವದ ಬಗ್ಗೆ ಆಳವಾದ ಸಂಶಯವನ್ನು ಹೊಂದಿತ್ತು. ಒಬ್ಬೊಬ್ಬ ವ್ಯಕ್ತಿಯೂ ತನ್ನ ತ್ಯಾಗದಿಂದ ಮಾಡಬೇಕಾದ ಕರುಣೆಯ ಕಾರ್ಯವನ್ನು ಸರ್ಕಾರಕ್ಕೆ ಒಪ್ಪಿಸುವುದು ಅವರಿಗೆ ಸೋಲೆನಿಸುತ್ತಿತ್ತು. ತೆರಿಗೆ ವಿನಾಯಿತಿಯನ್ನೂ ಚಳವಳಿ ಕೋರಲಿಲ್ಲ. ಇದರಲ್ಲಿ ಉದಾತ್ತತೆಯಿದೆ. ಆದರೆ ಇದೇ ಕೃತಿ ಪ್ರಕಟವಾದ ವರ್ಷ, 1963ರ ಏಪ್ರಿಲ್ 11ರಂದು, ವಿಶ್ವಗುರು 23ನೆಯ ಜಾನ್‌ರು ‘ಪಾಚೆಮ್ ಇನ್ ತೆರಿಸ್’ ವಿಶ್ವಪತ್ರದ 11ನೆಯ ಪರಿಚ್ಛೇದದಲ್ಲಿ ವಸತಿಯನ್ನು ಮನುಷ್ಯನ ಹಕ್ಕುಗಳ ಸಾಲಿನಲ್ಲಿ ಎಣಿಸಿದರು. ಹಕ್ಕು ಎಂದ ಮೇಲೆ ಅದು ಇನ್ನೊಬ್ಬರ ಔದಾರ್ಯವನ್ನು ಅವಲಂಬಿಸಿ ನಿಲ್ಲಲಾರದು. ಉದಾರಿಯಾದವನು ಸಿಗದ ದಿನವೂ ಅದು ಸಲ್ಲಬೇಕು, ಸಲ್ಲಿಸಲು ಸಮುದಾಯದ ವ್ಯವಸ್ಥೆ ಬೇಕು.

ಈ ಬಿರುಕು ಚಳವಳಿಯ ಒಳಗೇ ಕಾಣಿಸಿಕೊಂಡಿತ್ತು. 1950ರ ದಶಕದ ಆರಂಭದಲ್ಲಿ ಮೈಕಲ್ ಹ್ಯಾರಿಂಗ್ಟನ್ ಎಂಬ ಯುವಕ ಅದೇ ಮನೆಯಲ್ಲಿ ಸ್ವಯಂಸೇವಕನಾಗಿದ್ದು ಪತ್ರಿಕೆಯ ಸಂಪಾದನೆಯಲ್ಲೂ ಭಾಗಿಯಾಗಿದ್ದ. ಬವೆರಿಯಲ್ಲಿ ಕಂಡ ಬಡತನವು ಅವನನ್ನು ಬೇರೊಂದು ದಾರಿಗೆ ಒಯ್ದಿತು. ಚಳವಳಿಯನ್ನೂ ಧರ್ಮಸಭೆಯನ್ನೂ ತೊರೆದ ಆತ 1962ರಲ್ಲಿ ‘ದಿ ಅದರ್ ಅಮೆರಿಕ’ ಎಂಬ ಕೃತಿಯನ್ನು ಪ್ರಕಟಿಸಿದ. 1964ರಲ್ಲಿ ಅಧ್ಯಕ್ಷ ಜಾನ್ಸನ್‌ರು ಘೋಷಿಸಿದ ಬಡತನದ ವಿರುದ್ಧದ ಸಮರಕ್ಕೆ ನೆಲ ಹದಗೊಳಿಸಿದ ಕೃತಿಗಳಲ್ಲಿ ಅದು ಪ್ರಮುಖವಾದದ್ದು. ಒಂದೇ ಸಾಲಿನಲ್ಲಿ ಸೂಪು ಬಡಿಸಿದ ಇಬ್ಬರಲ್ಲಿ ಒಬ್ಬರು ಕರುಣೆಯ ಕಾರ್ಯವನ್ನೂ ಮತ್ತೊಬ್ಬರು ಕಾನೂನಿನ ಬದಲಾವಣೆಯನ್ನೂ ಕಲಿತರು. ಕ್ರೈಸ್ತ ಸಾಮಾಜಿಕ ಬೋಧನೆಗೆ ಎರಡೂ ಬೇಕು. ಹ್ಯಾರಿಂಗ್ಟನ್ ತನ್ನ ವಿಶ್ವಾಸವನ್ನು ಬಿಟ್ಟುಹೋಗಬೇಕಾದದ್ದು ಅವನೊಬ್ಬನ ನಷ್ಟವಲ್ಲ. ಈ ಎರಡು ಪಾಠಗಳನ್ನು ಒಂದೇ ಮಾಡಿನಡಿ ಇರಿಸಿಕೊಳ್ಳುವ ದೈವಶಾಸ್ತ್ರ ಅಂದು ಆ ಮನೆಯಲ್ಲಿ ಇನ್ನೂ ಬಲಿತಿರಲಿಲ್ಲ.

7. ನಮ್ಮ ಗುರುಮಠಗಳಿಗೆ ಇದರ ಅರ್ಥ

ಡೊರೊತಿ 1970ರಲ್ಲಿ ಭಾರತಕ್ಕೂ ಬಂದಿದ್ದರು, ಕಲ್ಕತ್ತೆಯಲ್ಲಿ ಮದರ್ ತೆರೇಸಾರನ್ನು ಭೇಟಿಯಾಗಿದ್ದರು. ಆದರೆ ಅವರ ಕೃತಿ ನಮಗೆ ಮುಖ್ಯವಾಗುವುದು ಆ ಭೇಟಿಯಿಂದಲ್ಲ. 2011ರ ಜನಗಣತಿಯು ಭಾರತದಲ್ಲಿ 17.7 ಲಕ್ಷ ಮಂದಿ ಸೂರಿಲ್ಲದವರನ್ನು ಎಣಿಸಿತು. ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ಒಂದು ಆಶ್ರಯತಾಣವಿರಬೇಕೆಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಇತ್ತ ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಅಧಿನಿಯಮವು ಕೈಚಾಚುವವನನ್ನು ಹಿಡಿದೊಯ್ಯಲು ಅಧಿಕಾರ ಕೊಡುತ್ತದೆ. ಒಂದೆಡೆ ಆಶ್ರಯ ಕೊಡಬೇಕೆಂಬ ನ್ಯಾಯಾಲಯದ ಆದೇಶ, ಇನ್ನೊಂದೆಡೆ ಭಿಕ್ಷೆಯನ್ನು ಅಪರಾಧವಾಗಿಸುವ ಕಾನೂನು. ಈ ಎರಡರ ನಡುವೆ ಬಸ್ ನಿಲ್ದಾಣದಲ್ಲಿ ಮಲಗಿರುವವನ ಬಳಿಗೆ ನಮ್ಮ ಅಭ್ಯರ್ಥಿಗಳು ಊಟದ ಪೊಟ್ಟಣದೊಡನೆ ಹೋಗುತ್ತಾರೆ. ಪೊಟ್ಟಣವನ್ನು ಕೊಡುವ ಮುನ್ನ ಆ ಆದೇಶವನ್ನೂ ಆ ಅಧಿನಿಯಮವನ್ನೂ ಓದಿರಬೇಕೆಂದು ನಾವು ಅವರಿಂದ ನಿರೀಕ್ಷಿಸುತ್ತಿದ್ದೇವೆಯೇ?

ಈ ಕೃತಿಯ ಬೆಳಕಿನಲ್ಲಿ ಮೂರು ಸಂಗತಿಗಳನ್ನು ಸೂಚಿಸಬಹುದು. ಒಂದು, ಸೇವೆಯ ವರದಿಯಲ್ಲಿ ‘ನಾನು ಕಲಿತದ್ದು’ ಎಂಬ ಶೀರ್ಷಿಕೆಗೆ ಮುನ್ನ ‘ಅವರು ಹೇಳಿದ್ದು’ ಎಂಬ ಶೀರ್ಷಿಕೆ ಬರಲಿ. ಕೇಳಿಸಿಕೊಳ್ಳದೆ ಕಲಿತದ್ದು ಬಹುಪಾಲು ನಮ್ಮದೇ ಭಾವನೆ. ಎರಡು, ಕ್ರಿಸ್ತಜಯಂತಿಯ ವಾರದಲ್ಲಿ ಕಂಬಳಿ ಹಂಚುವ ಛಾಯಾಚಿತ್ರಗಳನ್ನು ನಿಲ್ಲಿಸೋಣ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದ ಪ್ರಭುವಿನ ಬೋಧನೆ ಮೊಬೈಲ್ ಫೋನಿಗೂ ಅನ್ವಯಿಸುತ್ತದೆ. ದಾನಿಗಳಿಗೆ ಲೆಕ್ಕ ಒಪ್ಪಿಸಬೇಕು, ನಿಜ. ಆದರೆ ಲೆಕ್ಕಕ್ಕೆ ರಸೀದಿ ಸಾಕು, ಪಡೆದವನ ಮುಖ ಬೇಕಿಲ್ಲ. ಮೂರು, ಅವಧಿಗಿಂತ ಅಖಂಡತೆ ಮುಖ್ಯ. ಐವತ್ತು ಮಂದಿಗೆ ಒಂದು ಸಂಜೆ ಬಡಿಸುವುದಕ್ಕಿಂತ ಐದು ಮಂದಿಯನ್ನು ಒಂದು ವರ್ಷ ಹೆಸರು ಹಿಡಿದು ಕರೆಯುವುದು ಹೆಚ್ಚು ಕಠಿಣ, ಹೆಚ್ಚು ಫಲಕಾರಿ. ಧರ್ಮಕೇಂದ್ರದ ಗುರುಗಳಿಗೆ ಇನ್ನೂ ಒಂದು ಮಾತು ಸೇರಿಸಬಹುದು: ಕ್ರಿಸೊಸ್ತೊಮರು ಕೇಳಿದ ಆ ಕೋಣೆ ನಮ್ಮ ಗುರುನಿವಾಸಗಳಲ್ಲಿ ಸಾಮಾನ್ಯವಾಗಿ ಖಾಲಿಯಿರುತ್ತದೆ.

8. ಉಪಸಂಹಾರ

ಬಡವರು ನಮಗೆ ಔದಾರ್ಯವನ್ನು ಕಲಿಸುತ್ತಾರೆಂಬ ಮಾತನ್ನು ಕೈಬಿಡಬೇಕಿಲ್ಲ, ಆದರೆ ಅದನ್ನು ಸೇವೆಯ ಉದ್ದೇಶವಾಗಿಸಕೂಡದು. ಕಲಿಕೆ ಉದ್ದೇಶವಾದೊಡನೆ ಬಡವನು ಸಾಧನವಾಗುತ್ತಾನೆ. ಅವನ ಹಸಿವು ನೀಗುವುದೇ ಉದ್ದೇಶವಾದಾಗ ಕಲಿಕೆ ತಾನಾಗಿ ಒದಗುತ್ತದೆ, ಬಹುಶಃ ಕಲಿತವನ ಅರಿವಿಗೂ ಬಾರದಂತೆ. ಹನ್ನೆರಡು ಬುಟ್ಟಿಗಳಷ್ಟು ಉಳಿದ ತುಂಡುಗಳನ್ನು ಶಿಷ್ಯರು ಆರಿಸಿಕೊಂಡದ್ದು ಜನರೆಲ್ಲ ಉಂಡು ತೃಪ್ತರಾದ ಮೇಲೆ.

‘ಲೋವ್ಸ್ ಅಂಡ್ ಫಿಶಸ್’ ತನ್ನ ಕೊರತೆಗಳೊಡನೆಯೂ ಗುರುಮಠಗಳ ಪಾಲನಾ ದೈವಶಾಸ್ತ್ರದ ಪಠ್ಯಗಳ ಸಾಲಿನಲ್ಲಿ ಇರಬೇಕಾದ ಕೃತಿ. ಅದರ ಪಕ್ಕದಲ್ಲಿ ‘ಪಾಚೆಮ್ ಇನ್ ತೆರಿಸ್’ ಇರಲಿ, ಆಗ ಕರುಣೆ ಮತ್ತು ನ್ಯಾಯ ಒಂದನ್ನೊಂದು ತಿದ್ದುತ್ತವೆ. ಓದುವಾಗ ಡೊರೊತಿಯವರ ಧ್ವನಿಯ ಜೊತೆಗೆ, ಬರೆದದ್ದನ್ನು ಮಾಡಲಾರದಿದ್ದರೆ ಬರೆಯುವುದೇಕೆಂದು ಕೇಳಿದ ಆ ಮಹಿಳೆಯ ಧ್ವನಿಗೂ ಕಿವಿಗೊಡೋಣ. ದೈವಶಾಸ್ತ್ರದ ಲೇಖನಗಳನ್ನು ಬರೆಯುವವರಿಗೂ ಓದುವವರಿಗೂ ಆಕೆಯ ಪ್ರಶ್ನೆ ಇನ್ನೂ ಉತ್ತರಕ್ಕಾಗಿ ಕಾದಿದೆ.